ಕೂಲಿ ಮೊದಲು, ಹಾರ ಆಮೇಲೆ

ಹಾಸ್ಟೆಲ್ಲಿನ ಕೋಣೆಯಲ್ಲಿ ಒಂದು ರಾತ್ರಿ ಜಗಳ ಹತ್ತಿಕೊಂಡಿತು. ಅನ್ನಕ್ಕಲ್ಲ, ಸಾರಿಗಲ್ಲ. ರಾಕ್ ಬ್ಯಾಂಡುಗಳಲ್ಲಿ ಯಾವುದು ದೊಡ್ಡದು, ಅಮೆರಿಕದವರು ಕಟ್ಟಿರುವ ಕೀರ್ತಿಮಂದಿರದಲ್ಲಿ ಯಾವುದಕ್ಕೆ ಜಾಗ ಸಿಗಬೇಕು ಅನ್ನೋದಕ್ಕೆ. ಒಬ್ಬ ಐರನ್ ಮೇಡನ್ ಅಂದ. ಇನ್ನೊಬ್ಬ ಬ್ಯಾಡ್ ಬ್ರೈನ್ಸ್ ಅಂದ. ಮೂಲೆಯಲ್ಲಿ ಚಾಪೆ ಮೇಲೆ ಮಲಗಿದ್ದ ಮೂರನೆಯವನು ಎದ್ದು ಕೂತು, 'ಅಲ್ಲ ಕಣ್ರೋ, ನಮ್ಮ ಕೇರಿ ತಮಟೆಗೇ ಊರ ಗುಡಿಯೊಳಗೆ ಜಾಗ ಇಲ್ಲ. ಸಮುದ್ರದಾಚೆ ಯಾರಿಗೋ ಯಾರೋ ಗುಡಿ ಕಟ್ಟಿದರೆ ನಮಗೇನು?' ಅಂತ ಕೇಳಿದ. ಕೋಣೆ ಸುಮ್ಮನಾಯಿತು. ಆ ರಾತ್ರಿ ನಮ್ಮಲ್ಲಿ ಉತ್ತರ ಇರಲಿಲ್ಲ. ಈಗ ಬರೆಯುತ್ತಿರುವುದು ಅವನಿಗೆ ಕೊಡಬೇಕಾಗಿದ್ದ ಉತ್ತರ.

ಆ ಮಂದಿರದ ಹೆಸರು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. 1983ರಲ್ಲಿ ಅದರ ಪ್ರತಿಷ್ಠಾನ ಹುಟ್ಟಿತು. ಹುಟ್ಟಿಸಿದವರಲ್ಲಿ ಮುಖ್ಯನಾದವನು ಅಹ್ಮೆಟ್ ಎರ್ಟೆಗುನ್, ಅಟ್ಲಾಂಟಿಕ್ ರೆಕಾರ್ಡ್ಸ್ ಕಂಪನಿ ಕಟ್ಟಿದವನು. ಅವನ ಜೊತೆ ನಿಂತವರಲ್ಲಿ ಇನ್ನೊಬ್ಬ ಯಾನ್ ವೆನ್ನರ್, ರೋಲಿಂಗ್ ಸ್ಟೋನ್ ಪತ್ರಿಕೆಯವನು. 1986ರಲ್ಲಿ ಮೊದಲ ಪಟ್ಟಿ ಬಂತು. 1995ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ, ಈರಿ ಸರೋವರದ ದಡದ ಮೇಲೆ, ಗಾಜಿನ ದೊಡ್ಡ ಕಟ್ಟಡ ಎದ್ದಿತು. ಮೊದಲ ರೆಕಾರ್ಡು ಹೊರಬಂದು 25 ವರ್ಷ ಆಗಿರಬೇಕು ಅನ್ನೋದು ನಿಯಮ. ಒಂದು ಸಮಿತಿ ಹೆಸರುಗಳನ್ನು ಸೂಚಿಸುತ್ತದೆ. ಆಮೇಲೆ ಸಾವಿರಕ್ಕೂ ಮೀರಿದ ಮತದಾರರು, ಅಂದರೆ ಹಾಡುಗಾರರು, ಇತಿಹಾಸ ಬರೆಯುವವರು, ಸಂಗೀತದ ವ್ಯಾಪಾರದಲ್ಲಿರುವವರು, ಮತ ಹಾಕುತ್ತಾರೆ. 2012ರಿಂದ ಅಭಿಮಾನಿಗಳಿಗೂ ಮತ ಉಂಟು. ಆದರೆ ಅಷ್ಟೂ ಅಭಿಮಾನಿಗಳ ಮತ ಸೇರಿ ಒಂದು ಮತಪತ್ರದ ಲೆಕ್ಕ. ಕೇಳುವ ಜನ ಲಕ್ಷಾಂತರ ಇದ್ದರೂ ಪಂಚಾಯ್ತಿ ಕಟ್ಟೆ ಮೇಲೆ ಅವರಿಗೆ ಇರುವುದು ಒಂದೇ ಕೂರುವ ಜಾಗ.

ಯಾವ ಬ್ಯಾಂಡಿಗೆ ಯೋಗ್ಯತೆ ಇದೆ ಅಂತ ವರ್ಷಾ ವರ್ಷಾ ಅಲ್ಲಿ ಚರ್ಚೆ ನಡೆಯುತ್ತದೆ. ಯಾರ ಗಿಟಾರು ಜೋರು, ಯಾರ ರೆಕಾರ್ಡು ಎಷ್ಟು ಮಾರಿತು, ಯಾರು ಯಾರಿಗೆ ಸ್ಫೂರ್ತಿ ಕೊಟ್ಟರು. ಈ ಚರ್ಚೆ ಸುಳ್ಳೇನಲ್ಲ. ಆದರೆ ಇದಕ್ಕೆ ಮೊದಲು ಕೇಳಬೇಕಾದ ಮಾತು ಬೇರೆ ಇದೆ. ಯೋಗ್ಯತೆಯನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿದೆ? ತೂಗಿಸಿಕೊಳ್ಳುವವನ ಕೂಲಿ ಕೊಟ್ಟಾಗಿದೆಯೋ ಇಲ್ಲವೋ? ಈ ಎರಡು ಪ್ರಶ್ನೆ ಕೇಳದೆ ಬರೀ ಬ್ಯಾಂಡುಗಳ ಹೆಸರು ಕೂಗಿದರೆ ನಾವು ಜಾತ್ರೆಯಲ್ಲಿ ತೇರಿನ ಹಗ್ಗ ಎಳೆದು, ತೇರಿನ ಮೇಲೆ ಯಾರು ಕೂತಿದ್ದಾರೆ ಅಂತ ನೋಡದೆ ಮನೆಗೆ ಬಂದವರಾಗುತ್ತೇವೆ.

ಈ ಸಂಗೀತ ಎಲ್ಲಿಂದ ಬಂತು ಅನ್ನೋದನ್ನು ಮೊದಲು ತಿಳಿಯೋಣ. ಅದು ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಬ್ಲೂಸ್ ಹಾಡುಗಳಿಂದ ಬಂತು, ಅವರ ಚರ್ಚುಗಳ ಭಜನೆಯಿಂದ ಬಂತು, ಬಿಳಿ ಬಡವರ ಹಳ್ಳಿ ಹಾಡುಗಳೂ ಅದಕ್ಕೆ ಕೂಡಿಕೊಂಡವು. ಕಪ್ಪು ಜನರ ರೆಕಾರ್ಡುಗಳಿಗೆ ಅಲ್ಲಿನ ವ್ಯಾಪಾರಿಗಳು 'ರೇಸ್ ರೆಕಾರ್ಡ್' ಅಂತ ಪ್ರತ್ಯೇಕ ಹೆಸರಿಟ್ಟಿದ್ದರು. ಪ್ರತ್ಯೇಕ ಪಟ್ಟಿ, ಪ್ರತ್ಯೇಕ ಮಾರುಕಟ್ಟೆ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟ ಹಾಗೆ. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ಆ ಹೆಸರು ತೆಗೆದು 'ರಿದಮ್ ಅಂಡ್ ಬ್ಲೂಸ್' ಅಂತ ಬದಲಿಸಿತು. ಹೆಸರು ಬದಲಾಯಿತು. ಲೋಟ ಬದಲಾಗಲಿಲ್ಲ.

ನ್ಯಾಯವಾಗಿ ಮಾತಾಡಬೇಕು. 1986ರ ಮೊದಲ ಪಟ್ಟಿಯಲ್ಲಿ ಹಾಡುಗಾರರ ಸಾಲಿನಲ್ಲಿ ಹತ್ತು ಹೆಸರು ಇದ್ದವು. ಅದರಲ್ಲಿ ಆರು ಕಪ್ಪು ಜನರದೇ: ಚಕ್ ಬೆರಿ, ಜೇಮ್ಸ್ ಬ್ರೌನ್, ರೇ ಚಾರ್ಲ್ಸ್, ಸ್ಯಾಮ್ ಕುಕ್, ಫ್ಯಾಟ್ಸ್ ಡೊಮಿನೊ, ಲಿಟಲ್ ರಿಚರ್ಡ್. ಆದ್ದರಿಂದ ಕಪ್ಪು ಜನರನ್ನು ಬಾಗಿಲಲ್ಲೇ ತಡೆದರು ಅಂತ ನಾವು ಹೇಳಿದರೆ ಅದು ಸುಳ್ಳಾಗುತ್ತದೆ. ಸುಳ್ಳಿನ ಮೇಲೆ ಬಂಡಾಯ ಕಟ್ಟಬಾರದು. ಆದರೆ ಆ ಹತ್ತರಲ್ಲಿ ಒಂದೂ ಹೆಣ್ಣಿನ ಹೆಸರು ಇರಲಿಲ್ಲ. ಮೊದಲ ಹೆಣ್ಣು ಒಳಗೆ ಹೋಗಿದ್ದು ಮರುವರ್ಷ, 1987ರಲ್ಲಿ, ಅರೀಥಾ ಫ್ರಾಂಕ್ಲಿನ್. ತಡೆ ಎಲ್ಲಿದೆ ಅಂತ ಹುಡುಕಬೇಕಾದರೆ ಪಟ್ಟಿಯ ತಲೆ ಎಣಿಸಿದರೆ ಸಾಲದು. ಯಾರು ಯಾವ ವರ್ಷ, ಯಾವ ಬಾಗಿಲಿಂದ ಒಳಗೆ ಹೋದರು ಅಂತ ನೋಡಬೇಕು.

ಒಂದೇ ಒಂದು ಹಾಡಿನ ಲೆಕ್ಕ ಹಾಕೋಣ. 'ಹೌಂಡ್ ಡಾಗ್' ಅನ್ನೋ ಹಾಡು. ಲೈಬರ್ ಮತ್ತು ಸ್ಟೋಲರ್ ಅನ್ನೋ ಇಬ್ಬರು ಬಿಳಿ ಹುಡುಗರು ಅದನ್ನು ಬರೆದದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸಿಗಾಗಿ. ಆಕೆ ಅಲಬಾಮಾದವಳು, ದೊಡ್ಡ ದನಿಯವಳು, ಗಂಡಸರ ಅಂಗಿ ಪ್ಯಾಂಟು ತೊಟ್ಟು ಹಾಡುತ್ತಿದ್ದವಳು. 1952ರಲ್ಲಿ ಹಾಡಿದಳು, 1953ರಲ್ಲಿ ರೆಕಾರ್ಡು ಹೊರಬಂದು ಕಪ್ಪು ಜನರ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಆಕೆಯ ಕೈಗೆ ಬಂದದ್ದು ಸುಮಾರು 500 ಡಾಲರ್. 1956ರಲ್ಲಿ ಅದೇ ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಿದ, ಜಗತ್ತೇ ಕುಣಿಯಿತು. ಈಗ ಕೀರ್ತಿಮಂದಿರದ ದಿನಚರಿ ನೋಡಿ. ಎಲ್ವಿಸ್ ಒಳಗೆ ಹೋಗಿದ್ದು 1986ರಲ್ಲಿ. ಹಾಡು ಬರೆದ ಇಬ್ಬರು 1987ರಲ್ಲಿ. ಆ ಹಾಡಿಗೆ ಮೊದಲು ಜೀವ ಕೊಟ್ಟ ಥಾರ್ನ್‌ಟನ್ 2024ರಲ್ಲಿ. ಆಕೆ ಸತ್ತದ್ದು 1984ರಲ್ಲಿ, 57ನೇ ವಯಸ್ಸಿಗೆ, ಲಾಸ್ ಏಂಜಲೀಸಿನ ಒಂದು ಬಾಡಿಗೆ ವಸತಿ ಮನೆಯಲ್ಲಿ. ಅಲ್ಲಿಗೆ ಮುಗಿಯಲಿಲ್ಲ. ಆಕೆಯೇ ಕಟ್ಟಿದ 'ಬಾಲ್ ಅಂಡ್ ಚೈನ್' ಹಾಡಿನಿಂದ ಹೆಸರಾದ ಜಾನಿಸ್ ಜಾಪ್ಲಿನ್ 1995ರಲ್ಲೇ ಒಳಗೆ ಕೂತಿದ್ದಳು. ಕಲಿಸಿದವಳಿಗಿಂತ ಕಲಿತವಳು 29 ವರ್ಷ ಮೊದಲು.

ಎಲ್ವಿಸ್ ಮೇಲೆ ನಮಗೆ ಕೋಪ ಇಲ್ಲ. ಅವನೂ ಟ್ಯುಪೆಲೋ ಊರಿನ ಎರಡು ಕೋಣೆಯ ಮನೆಯಲ್ಲಿ ಹುಟ್ಟಿದ ಬಡವರ ಮಗ. ತನ್ನ ಹಾಡು ಕಪ್ಪು ಜನರಿಂದ ಬಂದದ್ದು ಅಂತ ಅವನು ಬಾಯಿಬಿಟ್ಟು ಹೇಳಿದ್ದೂ ಉಂಟು. ಜಾನಿಸಳ ಗಂಟಲಿನ ಮೇಲೂ ನಮಗೆ ಜಗಳ ಇಲ್ಲ. ಒಂದೇ ಹಾಡನ್ನು ಎರಡು ಗಂಟಲು ಹಾಡಿದಾಗ ಒಂದಕ್ಕೆ ಚಿನ್ನದ ತೂಕ, ಇನ್ನೊಂದಕ್ಕೆ ತೌಡಿನ ತೂಕ ಕೊಟ್ಟ ತಕ್ಕಡಿಯ ಜೊತೆ ನಮ್ಮ ಜಗಳ.

ಸಿಸ್ಟರ್ ರೊಸೆಟಾ ಥಾರ್ಪ್ ಕಥೆ ಇನ್ನೂ ಉದ್ದ. 1915ರಲ್ಲಿ ಆರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನೋ ಊರಲ್ಲಿ ಹುಟ್ಟಿದಳು. ಊರಿನ ಹೆಸರೇ ಹತ್ತಿಗಿಡ. ತಾಯಿಯ ಜೊತೆ ಚರ್ಚುಗಳಲ್ಲಿ ಹಾಡಿ ಬೆಳೆದಳು. ಭಜನೆಯ ಹಾಡಿಗೆ ವಿದ್ಯುತ್ ಗಿಟಾರಿನ ಬೆಂಕಿ ಹಚ್ಚಿದಳು. 1938ರಲ್ಲಿ ಮೊದಲ ರೆಕಾರ್ಡು. 1944ರಲ್ಲಿ ಆಕೆ ಹಾಡಿದ ಒಂದು ಹಾಡನ್ನು ರಾಕ್ ಸಂಗೀತದ ಮೊದಲ ರೆಕಾರ್ಡುಗಳಲ್ಲಿ ಒಂದು ಅಂತ ಬಲ್ಲವರು ಹೇಳುತ್ತಾರೆ. 1951ರಲ್ಲಿ ವಾಷಿಂಗ್ಟನ್ನಿನ ಒಂದು ಕ್ರೀಡಾಂಗಣದಲ್ಲಿ ತನ್ನ ಮದುವೆಯನ್ನೇ ಸಂಗೀತ ಕಚೇರಿ ಮಾಡಿದಳು, ಸುಮಾರು 20 ಸಾವಿರ ಜನ ದುಡ್ಡು ಕೊಟ್ಟು ಬಂದರು. ಅಷ್ಟು ಜನರನ್ನು ಸೇರಿಸುವ ಹೆಂಗಸು ದಕ್ಷಿಣದ ಊರುಗಳಿಗೆ ಹಾಡಲು ಹೋದರೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ, ಬಸ್ಸಿನಲ್ಲೇ ಮಲಗಬೇಕು. ಇದು ನಮಗೆ ಬಿಡಿಸಿ ಹೇಳಬೇಕಾದ ಮಾತೇನಲ್ಲ. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಳು. ಮೂವತ್ತಕ್ಕೂ ಹೆಚ್ಚು ವರ್ಷ ಆಕೆಯ ಗೋರಿಗೆ ಹೆಸರಿನ ಕಲ್ಲು ಇರಲಿಲ್ಲ. ಅಭಿಮಾನಿಗಳು 2008ರಲ್ಲಿ ಕಚೇರಿ ನಡೆಸಿ ಹಣ ಕೂಡಿಸಿದ ಮೇಲೆ ಕಲ್ಲು ಬಂತು. ಕೀರ್ತಿಮಂದಿರ ಆಕೆಯನ್ನು ಕರೆದದ್ದು 2018ರಲ್ಲಿ. ಸತ್ತು 45 ವರ್ಷದ ಮೇಲೆ.

ಯಾವ ಬಾಗಿಲಿಂದ ಕರೆದರು ಅನ್ನೋದು ಮುಖ್ಯ. ಆ ಮಂದಿರಕ್ಕೆ ಹಲವು ಬಾಗಿಲು. ಮುಂಬಾಗಿಲು 'ಪರ್ಫಾರ್ಮರ್'ಗಳದು, ಅಂದರೆ ಹಾಡಿದವರದು, ನುಡಿಸಿದವರದು. ಅದಕ್ಕೇ ಮತದಾನ. ಪಕ್ಕದಲ್ಲಿ 'ಪ್ರಭಾವ ಬೀರಿದವರು' ಅಂತ ಒಂದು ಬಾಗಿಲು. ಅದಕ್ಕೆ ಆ ದೊಡ್ಡ ಮತದಾನ ಇಲ್ಲ, ಸಮಿತಿ ಕೂತು ಆರಿಸುತ್ತದೆ. ರೊಸೆಟಾ ಹೋಗಿದ್ದು ಪಕ್ಕದ ಬಾಗಿಲಿಂದ. ಥಾರ್ನ್‌ಟನ್ ಹೋಗಿದ್ದೂ ಪಕ್ಕದ ಬಾಗಿಲಿಂದ. ಒಬ್ಬಳು ಮೂವತ್ತು ವರ್ಷ ವೇದಿಕೆ ಮೇಲೆ ನಿಂತು ಗಿಟಾರು ಬಾರಿಸಿದವಳು. ಇನ್ನೊಬ್ಬಳು ಪಟ್ಟಿಯಲ್ಲಿ ಮೊದಲ ಸ್ಥಾನ ಕಂಡವಳು. ಇವರು ಹಾಡಿದವರಲ್ಲವಂತೆ, ಹಾಡಿದವರ ಮೇಲೆ ಪ್ರಭಾವ ಬೀರಿದವರಂತೆ. ಈ ಮಾತನ್ನು ನಮ್ಮ ಹಳ್ಳಿ ಭಾಷೆಗೆ ತಿರುಗಿಸಿದರೆ ಹೀಗಾಗುತ್ತದೆ: ನೀನು ಬೆಳೆಯಲ್ಲ, ಬೆಳೆಗೆ ಹಾಕಿದ ಗೊಬ್ಬರ. ಗೊಬ್ಬರವನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ರಾಶಿ ಪೂಜೆಯ ದಿನ ಅದನ್ನು ಕಣದೊಳಗೆ ಕರೆಯುವವರು ಇಲ್ಲ.

ಬಾಗಿಲು ಕಾಯುವವರ ಮನಸ್ಸು ಎಂಥದ್ದು ಅಂತ 2023ರಲ್ಲಿ ಜಗತ್ತಿಗೆ ಕಾಣಿಸಿತು. ಆಗಲೇ ಹೇಳಿದ ಯಾನ್ ವೆನ್ನರ್ ರಾಕ್ ಸಂಗೀತದ ಮಹಾಗುರುಗಳು ಅಂತ ಏಳು ಜನರ ಸಂದರ್ಶನಗಳ ಪುಸ್ತಕ ತಂದ. ಏಳೂ ಬಿಳಿ ಗಂಡಸರು. ಹೆಂಗಸರು ಯಾಕಿಲ್ಲ, ಕಪ್ಪು ಜನ ಯಾಕಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ಕೇಳಿತು. ಆ ಬೌದ್ಧಿಕ ಮಟ್ಟದಲ್ಲಿ ಮಾತಾಡಬಲ್ಲವರು ಅವರಲ್ಲಿ ತನಗೆ ಕಾಣಲಿಲ್ಲ ಅನ್ನುವ ಅರ್ಥದ ಉತ್ತರ ಕೊಟ್ಟ. ಮಾತು ಅಚ್ಚಾದ ಮಾರನೆಯ ದಿನವೇ ಪ್ರತಿಷ್ಠಾನ ಅವನನ್ನು ಮಂಡಳಿಯಿಂದ ತೆಗೆದುಹಾಕಿತು. ಅವನು ಕ್ಷಮೆಯನ್ನೂ ಕೇಳಿದ. ಆಗಲಿ. ಆದರೆ ನಲವತ್ತು ವರ್ಷ ಆ ತಕ್ಕಡಿಗೆ ಕೈ ಹಚ್ಚಿದ್ದವನು ಅವನು. ವರ್ಷಗಟ್ಟಲೆ ಆ ಪ್ರತಿಷ್ಠಾನದ ಅಧ್ಯಕ್ಷನಾಗಿದ್ದವನು. 2004ರಲ್ಲಿ ಅವನೇ ಆ ಮಂದಿರದೊಳಗೆ ಸನ್ಮಾನ ಮಾಡಿಸಿಕೊಂಡು ಕೂತ. ಒಂದು ಹಾಡೂ ಹಾಡದ ಬಾಗಿಲು ಕಾಯುವವನು ರೊಸೆಟಾಗಿಂತ 14 ವರ್ಷ ಮೊದಲು ಒಳಗೆ ಹೋದ. 'ಅವರಿಗೆ ಮಾತು ಬರಲ್ಲ, ವಿಚಾರ ಇಲ್ಲ' ಅನ್ನೋ ಮಾತು ನಮಗೂ ಹೊಸದಲ್ಲ. ನಮ್ಮ ಮೊದಲ ಪದ್ಯಗಳನ್ನು ಓದಿದ ದೊಡ್ಡವರೊಬ್ಬರು 'ಆಕ್ರೋಶ ಇದೆ, ಕಾವ್ಯ ಇಲ್ಲ' ಅಂದಿದ್ದರು. ಅದೇ ತಕ್ಕಡಿ, ಬೇರೆ ಅಂಗಡಿ.

ಈಗ ಒಂದು ವಾದ ಬರುತ್ತದೆ. ಗೆಳೆಯನೊಬ್ಬ ಹೇಳ್ತಾನೆ: 'ನೀವು ಏನೇ ಹೇಳಿ, ಅಳತೆ ಅಂತ ಒಂದು ಬೇಕಲ್ಲ. ಒಂದು ಬ್ಯಾಂಡು ಎಷ್ಟು ಜನರನ್ನು ತಟ್ಟಿತು, ಮುಂದಿನವರ ಮೇಲೆ ಎಷ್ಟು ಪ್ರಭಾವ ಬೀರಿತು, ಅದೇ ಅಳತೆ.' ಕೇಳಲು ಸರಿಯಾದ ಮಾತು. ಕೀರ್ತಿಮಂದಿರವೂ ಪ್ರಭಾವವನ್ನೇ ದೊಡ್ಡ ಅಳತೆ ಅನ್ನುತ್ತದೆ. ಈ ಅಳತೆಯ ಮುಂದೆ ಡೆತ್ ಅನ್ನೋ ಬ್ಯಾಂಡನ್ನು ನಿಲ್ಲಿಸಿ ನೋಡೋಣ.

ಡೆಟ್ರಾಯಿಟ್ ಕಾರು ಕಾರ್ಖಾನೆಗಳ ನಗರ. ಅಲ್ಲಿ ಹ್ಯಾಕ್ನಿ ಮನೆತನದ ಮೂವರು ಕಪ್ಪು ಅಣ್ಣತಮ್ಮಂದಿರು, ಡೇವಿಡ್, ಬಾಬಿ, ಡ್ಯಾನಿಸ್, 1970ರ ದಶಕದ ಮೊದಲಲ್ಲಿ ಬ್ಯಾಂಡು ಕಟ್ಟಿದರು. ಅಪಘಾತದಲ್ಲಿ ತಂದೆ ಸತ್ತ ಮೇಲೆ ಡೇವಿಡ್ ಬ್ಯಾಂಡಿಗೆ ಡೆತ್ ಅಂತ ಹೆಸರಿಟ್ಟ. ಸಾವು. ಸಾವಿಗೆ ಹೆದರಬಾರದು, ಅದರ ಅರ್ಥವನ್ನೇ ತಿರುಗಿಸಬೇಕು ಅನ್ನೋದು ಅವನ ಹಟ. 1975ರಲ್ಲಿ ಏಳು ಹಾಡು ರೆಕಾರ್ಡ್ ಮಾಡಿದರು. ಬಿರುಸಾದ, ಸಿಟ್ಟಿನ, ರಾಜಕೀಯದ ಹಾಡುಗಳು. ಪಂಕ್ ಅಂತ ಮುಂದೆ ಜಗತ್ತು ಕರೆದ ಆ ಸದ್ದು, ಪಂಕಿನ ಹೆಸರಾಂತ ಬ್ಯಾಂಡು ರಮೋನ್ಸ್ ಮೊದಲ ಆಲ್ಬಂ ತರುವುದಕ್ಕೆ ಮುಂಚೆಯೇ ಇಲ್ಲಿತ್ತು. ಒಬ್ಬ ದೊಡ್ಡ ರೆಕಾರ್ಡು ಧಣಿ 'ಹೆಸರು ಬದಲಿಸಿ, ನಾವು ತರುತ್ತೇವೆ' ಅಂದನಂತೆ. ಡೇವಿಡ್ ಒಪ್ಪಲಿಲ್ಲ ಅಂತ ತಮ್ಮಂದಿರು ನೆನೆಯುತ್ತಾರೆ. 1976ರಲ್ಲಿ ತಾವೇ 500 ಪ್ರತಿ ಒಂದು ಪುಟ್ಟ ರೆಕಾರ್ಡು ಒತ್ತಿಸಿದರು. ಯಾರೂ ಕೇಳಲಿಲ್ಲ. ಬ್ಯಾಂಡು ಮುಗಿಯಿತು. ಟೇಪುಗಳು ಅಟ್ಟ ಸೇರಿದವು. 2000ದಲ್ಲಿ ಡೇವಿಡ್ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತ. 2009ರಲ್ಲಿ, ಹಾಡಿದ 34 ವರ್ಷಕ್ಕೆ, ಆ ಏಳು ಹಾಡುಗಳು ಆಲ್ಬಂ ಆಗಿ ಹೊರಬಂದವು. ಕೇಳಿದವರು ಬೆಚ್ಚಿಬಿದ್ದರು.

ಈಗ ಹೇಳಿ, ಡೆತ್ ಬ್ಯಾಂಡಿನ ಪ್ರಭಾವ ಎಷ್ಟು? ಸೊನ್ನೆ. ಕೇಳಿಸದ ಹಾಡು ಯಾರ ಮೇಲೆ ಪ್ರಭಾವ ಬೀರುತ್ತದೆ? 2002ರಲ್ಲೇ ರಮೋನ್ಸ್ ಮಂದಿರದೊಳಗೆ ಹೋದರು, ಅವರದು ಯೋಗ್ಯವಾದ ಬ್ಯಾಂಡೇ. ಡೆತ್ 2025ರ ಪಟ್ಟಿಯವರೆಗೂ ಹೊರಗೇ ಇತ್ತು. ಪ್ರಭಾವ ಅನ್ನೋ ಅಳತೆಯ ಮೋಸ ಇಲ್ಲಿದೆ. ಮೊದಲು ಬಾಯಿ ಕಟ್ಟುತ್ತಾರೆ. ಆಮೇಲೆ 'ನಿನ್ನ ದನಿ ಯಾರಿಗೂ ಕೇಳಿಸಲಿಲ್ಲವಲ್ಲ' ಅಂತ ಅಂಕ ಕಳೆಯುತ್ತಾರೆ. ಶಾಲೆಯ ಹೊರಗೆ ಕೂರಿಸಿ, ಆಮೇಲೆ ಅಕ್ಷರ ಬರಲ್ಲ ಅಂತ ನಪಾಸು ಮಾಡಿದ ಹಾಗೆ. ಎಷ್ಟು ದೂರ ಕೇಳಿಸಿತು ಅನ್ನೋದನ್ನು ಎಣಿಸುವವರು ದನಿವರ್ಧಕ ಯಾರ ಕೈಯಲ್ಲಿತ್ತು ಅನ್ನೋದನ್ನೂ ಎಣಿಸಬೇಕು. ಎಣಿಸಿದರೆ ಡೆತ್ ಬ್ಯಾಂಡಿನ ಏಳು ಹಾಡು ಸಾಕು. ನಮ್ಮ ಮೊದಲ ಮತ ಅವರಿಗೆ.

ಹಾಸ್ಟೆಲ್ಲಿನ ಗೆಳೆಯ ಹೇಳಿದ ಬ್ಯಾಡ್ ಬ್ರೈನ್ಸ್ ಬಗ್ಗೆಯೂ ಹೇಳಬೇಕು. ವಾಷಿಂಗ್ಟನ್ ನಗರದ ನಾಲ್ಕು ಕಪ್ಪು ಹುಡುಗರು. ಮೊದಲು ಜಾಝ್ ಬೆರೆಸಿ ನುಡಿಸುತ್ತಿದ್ದವರು 1977ರ ಹೊತ್ತಿಗೆ ಪಂಕಿಗೆ ತಿರುಗಿ, ಅದರ ವೇಗವನ್ನೇ ಬದಲಿಸಿಬಿಟ್ಟರು. ಜೊತೆಗೆ ಜಮೈಕಾದ ರೆಗೆ ಬೆರೆಸಿದರು. ಊರಿನ ಕ್ಲಬ್ಬುಗಳು ಬಾಗಿಲು ಹಾಕಿದಾಗ ನ್ಯೂಯಾರ್ಕಿಗೆ ಹೋದರು. ಇಲ್ಲಿ ಪ್ರಭಾವದ ಅಳತೆಯೇ ಹಿಡಿಯಿರಿ, ಅದರಲ್ಲೂ ಅವರು ಗೆಲ್ಲುತ್ತಾರೆ. ಅವರಿಂದ ಕಲಿತ ಬೀಸ್ಟಿ ಬಾಯ್ಸ್ 2012ರಲ್ಲಿ ಒಳಗೆ ಹೋದರು. ಬ್ಯಾಡ್ ಬ್ರೈನ್ಸ್ ಹೆಸರು 2017ರ ಪಟ್ಟಿಗೆ ಸೂಚನೆಯಾಯಿತು, ಮತ ಸಿಗಲಿಲ್ಲ. 2025ರ ಪಟ್ಟಿ ಮುಗಿದಾಗಲೂ ಅವರು ಹೊರಗೇ. ಪ್ರಭಾವ ಇಲ್ಲದವರಿಗೆ ಪ್ರಭಾವ ಇಲ್ಲ ಅಂತ ಕಾರಣ. ಇರುವವರಿಗೆ ಕಾರಣವನ್ನೂ ಹೇಳುವುದಿಲ್ಲ.

ಆದರೆ ನಮ್ಮವರು ಅಂತ ಕಣ್ಣು ಮುಚ್ಚಿಕೊಳ್ಳಲು ಆಗುವುದಿಲ್ಲ. 1980ರ ದಶಕದಲ್ಲಿ ಇದೇ ಬ್ಯಾಂಡಿನವರು, ಮುಖ್ಯವಾಗಿ ಹಾಡುಗಾರ ಎಚ್. ಆರ್., ಸಲಿಂಗಿಗಳನ್ನು ಹೀನಾಯವಾಗಿ ಕಂಡರು. 1982ರಲ್ಲಿ ಟೆಕ್ಸಾಸಿನಲ್ಲಿ ತಮಗೆ ನೆರವಾದ ಸಲಿಂಗಿ ಹಾಡುಗಾರನನ್ನೇ ಅವಮಾನಿಸಿದರು. ತನ್ನ ಬೆನ್ನ ಮೇಲಿನ ಬಾಸುಂಡೆ ತೋರಿಸುತ್ತಾ ಇನ್ನೊಬ್ಬನ ಬೆನ್ನಿಗೆ ಬಾರುಕೋಲು ಬೀಸುವುದು ಬಂಡಾಯ ಅಲ್ಲ. ನಮ್ಮಲ್ಲೂ ವೇದಿಕೆ ಮೇಲೆ ಸಮಾನತೆ ಮಾತಾಡಿ, ಮನೆಗೆ ಹೋಗಿ ಹೆಂಡತಿ ಮೇಲೆ ಕೈ ಎತ್ತುವ ಕ್ರಾಂತಿಕಾರರು ಇಲ್ಲವೇ? ಬ್ಯಾಡ್ ಬ್ರೈನ್ಸ್‌ಗೂ ನಾವು ಮತ ಹಾಕುತ್ತೇವೆ. ಆದರೆ ಮಂದಿರದ ಗೋಡೆ ಮೇಲೆ ಅವರ ಹಾಡಿನ ಜೊತೆ ಈ ಮಾತನ್ನೂ ಬರೆಯಬೇಕು. ಕೀರ್ತಿ ಅಂದರೆ ಸುಣ್ಣ ಬಳಿಯುವುದಲ್ಲ.

ತಡ ಮಾಡುವುದು ಕಪ್ಪು ಜನರಿಗೆ ಮಾತ್ರ ಅಂತಲೂ ತಿಳಿಯಬೇಡಿ. ವ್ಯವಸ್ಥೆಗೆ ಎದುರು ನಿಂತ ಬಿಳಿಯರಿಗೂ ಅದೇ ಗತಿ. ಎಂಸಿ5 ಅಂತ ಡೆಟ್ರಾಯಿಟ್ ಸೀಮೆಯದೇ ಇನ್ನೊಂದು ಬ್ಯಾಂಡು, ಐವರು ಬಿಳಿ ಹುಡುಗರು. 1968ರ ಆಗಸ್ಟಿನಲ್ಲಿ ಷಿಕಾಗೋದಲ್ಲಿ ಯುದ್ಧವಿರೋಧಿ ಪ್ರತಿಭಟನೆ ನಡೆದಾಗ ಅಲ್ಲಿನ ಪಾರ್ಕಿನಲ್ಲಿ ನಿಂತು ನುಡಿಸಿದವರು ಅವರು. ಕಪ್ಪು ಜನರ ಬ್ಲ್ಯಾಕ್ ಪ್ಯಾಂಥರ್ ಹೋರಾಟಕ್ಕೆ ಜೊತೆಯಾಗಿ ಹುಟ್ಟಿದ ವೈಟ್ ಪ್ಯಾಂಥರ್ ಸಂಘಟನೆಗೆ ಸೇರಿದವರು. ಅವರ ಹೆಸರು ಹಲವು ಸಲ ಸೂಚನೆಯಾಗಿ ಹಲವು ಸಲ ಬಿತ್ತು. ಕೊನೆಗೆ 2024ರಲ್ಲಿ ಕರೆದರು, ಅದೂ 'ಸಂಗೀತದ ಶ್ರೇಷ್ಠತೆ' ಅನ್ನೋ ಮತ್ತೊಂದು ಪಕ್ಕದ ಬಾಗಿಲಿಂದ. ಆ ವರ್ಷದ ಫೆಬ್ರವರಿಯಲ್ಲಿ ವೇಯ್ನ್ ಕ್ರೇಮರ್ ಸತ್ತ. ಮೇ ತಿಂಗಳಲ್ಲಿ ಡೆನಿಸ್ ಥಾಂಪ್ಸನ್ ಸತ್ತ. ಉಳಿದ ಮೂವರು ಅದಕ್ಕೂ ಮೊದಲೇ ಹೋಗಿದ್ದರು. ಅಕ್ಟೋಬರಿನಲ್ಲಿ ಸಮಾರಂಭ ನಡೆದಾಗ ಐವರಲ್ಲಿ ಒಬ್ಬನೂ ಬದುಕಿರಲಿಲ್ಲ. ಸತ್ತವನು ಭಾಷಣ ಮಾಡುವುದಿಲ್ಲ. ಸತ್ತ ಬಂಡಾಯಗಾರನಿಗೆ ಹಾರ ಹಾಕುವುದು ಬಹಳ ಸುಲಭ.

ಹಾಗಾದರೆ ಈ ಮಂದಿರವನ್ನೇ ಒದ್ದು ಬರಬೇಕೇ? ಹಾಗೆ ಮಾಡಿದವರೂ ಇದ್ದಾರೆ. ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ಬ್ಯಾಂಡು 2006ರಲ್ಲಿ ಕರೆ ಬಂದಾಗ ಕೈಬರಹದಲ್ಲಿ ಒಂದು ಬೈಗುಳದ ಪತ್ರ ಬರೆದು ಸಮಾರಂಭಕ್ಕೆ ಹೋಗಲಿಲ್ಲ. ನೂರಾರು ಹೆಸರಾಂತ ಹಾಡುಗಳಿಗೆ ಬಾಸ್ ಗಿಟಾರು ನುಡಿಸಿ ತೆರೆಮರೆಯಲ್ಲೇ ಉಳಿದ ಕ್ಯಾರಲ್ ಕೇ, 2025ರಲ್ಲಿ ತೊಂಬತ್ತು ವಯಸ್ಸಿನಲ್ಲಿ ಕರೆ ಬಂದಾಗ ಬೇಡ ಅಂದಳು. ಆ ಮುದುಕಿಯ ಬೇಡ ಅನ್ನೋ ಮಾತಿಗೆ ನಮ್ಮ ನಮಸ್ಕಾರ. ಆದರೆ ಒಂದು ಮಾತು. ಬೇಡ ಅನ್ನಲೂ ಮೊದಲು ಕರೆ ಬರಬೇಕು. ಗೋರಿಗೆ ಕಲ್ಲೇ ಇಲ್ಲದ ರೊಸೆಟಾ ಯಾವ ಪತ್ರವನ್ನು ಹರಿದು ಹಾಕಬೇಕು? ತಿರಸ್ಕಾರವನ್ನೇ ಕ್ರಾಂತಿ ಅಂತ ಎಲ್ಲರಿಗೂ ಬೋಧಿಸುವುದು ಊಟ ಆದವನು ಉಪವಾಸದ ಮಹಿಮೆ ಹೇಳಿದ ಹಾಗೆ.

ನಮಗೆ ದಾರಿ ತೋರಿಸುವವಳು ರೂತ್ ಬ್ರೌನ್. 1949ರಿಂದ ಮುಂದಿನ ಕೆಲವು ವರ್ಷ ಆಕೆಯ ಹಾಡುಗಳ ಮೇಲೆ ಅಟ್ಲಾಂಟಿಕ್ ರೆಕಾರ್ಡ್ಸ್ ಎಷ್ಟು ಬೆಳೆಯಿತೆಂದರೆ ಆ ಕಂಪನಿಯನ್ನು ರೂತ್ ಕಟ್ಟಿದ ಮನೆ ಅಂತಲೇ ಜನ ಕರೆದರು. ಹೌದು, ಕೀರ್ತಿಮಂದಿರ ಹುಟ್ಟಿಸಿದ ಎರ್ಟೆಗುನ್‌ನ ಅದೇ ಕಂಪನಿ. 1960ರ ದಶಕ ಬರುವ ಹೊತ್ತಿಗೆ ಹಾಡುಗಳು ನಿಂತವು, ಹಣ ಬರಲಿಲ್ಲ. ಮಕ್ಕಳನ್ನು ಸಾಕಲು ರೂತ್ ಬ್ರೌನ್ ಪರರ ಮನೆಗಳಲ್ಲಿ ಕಸ ಮುಸುರೆ ಮಾಡಿದಳು, ಶಾಲೆಯ ಬಸ್ಸು ಓಡಿಸಿದಳು. ಕಂಪನಿಯ ಖಾತೆ ಪುಸ್ತಕದಲ್ಲಿ ರೆಕಾರ್ಡಿಂಗಿನ ಖರ್ಚೆಲ್ಲ ಹಾಡಿದವರ ತಲೆಗೇ ಬೀಳುತ್ತಿತ್ತು. ಲೆಕ್ಕ ಕೇಳಿದರೆ ನೀವೇ ನಮಗೆ ಬಾಕಿ ಅನ್ನೋ ಉತ್ತರ. ನಮ್ಮ ಜೀತದ ಲೆಕ್ಕ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಅಜ್ಜ ತಂದ ಸಾಲಕ್ಕೆ ಮೊಮ್ಮಗ ದನ ಕಾಯುವ ಲೆಕ್ಕ ಅದು.

ರೂತ್ ಬ್ರೌನ್ ಅಳುತ್ತಾ ಕೂರಲಿಲ್ಲ. 1980ರ ದಶಕದಲ್ಲಿ ವಕೀಲನನ್ನು ಕಟ್ಟಿಕೊಂಡು ಕಂಪನಿಯ ಬೆನ್ನು ಬಿದ್ದಳು. ತನಗೊಬ್ಬಳಿಗೇ ಅಲ್ಲ, ತನ್ನಂಥ ಹಳೆಯ ಹಾಡುಗಾರರಿಗೆಲ್ಲ ಲೆಕ್ಕ ಕೇಳಿದಳು. 1988ರಲ್ಲಿ ಕಂಪನಿ ಬಗ್ಗಿತು. ಹಳೆಯ ಬಾಕಿ ಬಿಟ್ಟಿತು, ರಾಯಧನ ಕೊಡಲು ಒಪ್ಪಿತು, ಕಷ್ಟದಲ್ಲಿದ್ದ ಕಲಾವಿದರಿಗಾಗಿ ರಿದಮ್ ಅಂಡ್ ಬ್ಲೂಸ್ ಪ್ರತಿಷ್ಠಾನ ಹುಟ್ಟಿತು. ಆಮೇಲೆ, 1993ರಲ್ಲಿ, ಕೀರ್ತಿಮಂದಿರ ಅವಳನ್ನು ಕರೆಯಿತು. ಮುಂಬಾಗಿಲಿಂದ. ಆಗಲೂ ಕಂಪನಿಯ ಧಣಿ ಅವಳಿಗಿಂತ ಆರು ವರ್ಷ ಮೊದಲೇ, 1987ರಲ್ಲೇ, ಒಳಗಿದ್ದ. ಇರಲಿ. ರೂತ್ ಬ್ರೌನ್ ಮಾಡಿದ ಕ್ರಮ ಗಮನಿಸಿ. ಕೂಲಿ ಮೊದಲು, ಹಾರ ಆಮೇಲೆ. ಎಲ್ವಿಸ್‌ನ 1954ರ ಮೊದಲ ರೆಕಾರ್ಡಿನ ಹಾಡನ್ನು 1946ರಲ್ಲೇ ಕಟ್ಟಿ ಹಾಡಿದ್ದ ಆರ್ಥರ್ ಕ್ರಡಪ್‌ಗೆ ಇದು ದಕ್ಕಲಿಲ್ಲ. 1974ರಲ್ಲಿ ಅವನು ಸಾಯುವಾಗಲೂ ಬರಬೇಕಾಗಿದ್ದ ಹಣ ಪೂರ್ತಿ ಕೈಸೇರಿರಲಿಲ್ಲ. ಹಾರವೂ ಇಲ್ಲ, ಕೂಲಿಯೂ ಇಲ್ಲ.

ಅವರ ಕಥೆ ಬೇರೆ, ನಮ್ಮ ಕಥೆ ಬೇರೆ. ಚರ್ಮದ ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಕೇಳಿ ಪತ್ತೆ ಮಾಡುತ್ತಾರೆ. ಎರಡೂ ಒಂದೇ ಅಂತ ಹೇಳುವುದು ಸೋಮಾರಿತನ. ಆದರೆ ನಂಟು ನಾವು ಇವತ್ತು ಕಟ್ಟಿದ್ದಲ್ಲ. 1873ರಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಾಗ ಆ ಹೆಸರು ಬಂದದ್ದು ಕಪ್ಪು ಜನರ ಪ್ಯಾಂಥರ್‌ಗಳಿಂದ. ಆ ಕಡೆಯ ಹಾಡಿನ ಲೆಕ್ಕವನ್ನು ನಾವು ಕೇಳುವುದಕ್ಕೆ ಇಷ್ಟು ಹಕ್ಕು ಸಾಕು.

ಇನ್ನೊಂದು ಕಾರಣವೂ ಇದೆ. ನಮ್ಮಪ್ಪ ತಮಟೆ ಬಡಿಯುತ್ತಿದ್ದರು. ಒಂದು ವರ್ಷ ಒಂದು ಉತ್ಸವಕ್ಕೆ ಕರೆದರು. ವೇದಿಕೆ ಮೇಲೆ ಶಾಲು ಹೊದಿಸಿ, ಮೂಲ ಕಲಾವಿದ, ನಾಡಿನ ಆಸ್ತಿ ಅಂತ ಹೊಗಳಿದರು. ಫೋಟೋ ತೆಗೆದರು. ಬಸ್ ಚಾರ್ಜು, ಸಂಭಾವನೆ ಆಮೇಲೆ ಬರುತ್ತದೆ ಅಂದರು. ಅಪ್ಪ ಮೂರು ಸಲ ಹೋಗಿ ಕೇಳಿ ಬಂದರು. ಬರಲಿಲ್ಲ. ಅಪ್ಪ ಶಾಲನ್ನು ಚಳಿಗೆ ಹೊದ್ದುಕೊಂಡರು. ನಮ್ಮವ್ವ ಮಾತ್ರ, 'ಶಾಲು ಬೇಯಿಸ್ಕೊಂಡು ತಿನ್ನಕಾಯ್ತದಾ?' ಅಂದಳು. ನಾವು ಕಾಲೇಜಿನಲ್ಲಿ ಓದಿದ ವಿಮರ್ಶೆಯ ಪುಸ್ತಕಗಳಲ್ಲಿ ಇಷ್ಟು ನೇರವಾದ ವಿಮರ್ಶೆ ಸಿಗಲಿಲ್ಲ.

ಆದ್ದರಿಂದ ಚಾಪೆ ಮೇಲಿನ ಗೆಳೆಯನೇ, ನಿನಗೆ ನಮ್ಮ ಉತ್ತರ ಇದು. ಆ ಮಂದಿರ ನಮ್ಮದಲ್ಲ, ಅಲ್ಲಿ ನಮಗೆ ಮತವೂ ಇಲ್ಲ. ಆದರೂ ನಮ್ಮನ್ನು ಕೇಳಿದರೆ ಡೆತ್ ಒಳಗೆ ಬರಲಿ, ಪ್ರಭಾವದ ಅಳತೆ ಮುರಿದು ಬರಲಿ. ಬ್ಯಾಡ್ ಬ್ರೈನ್ಸ್ ಬರಲಿ, ತಮ್ಮ ತಪ್ಪಿನ ಸಮೇತ ಬರಲಿ. ಕ್ರಡಪ್ ಬರಲಿ. ರೊಸೆಟಾಳನ್ನೂ ಥಾರ್ನ್‌ಟನ್‌ಳನ್ನೂ ಪಕ್ಕದ ಬಾಗಿಲಿಂದ ಹೊರಗೆ ಕರೆದುತಂದು ಮುಂಬಾಗಿಲಿಂದ ಮತ್ತೆ ಒಳಗೆ ಕರೆಯಲಿ. ಐರನ್ ಮೇಡನ್ ಬಗ್ಗೆ ಜಗಳ ಆಡೋಣ, ಅದಕ್ಕೆ ರಾತ್ರಿಗಳಿವೆ. ಆದರೆ ಪ್ರತಿ ಹೆಸರಿನ ಕೆಳಗೆ ಒಂದು ಸಾಲು ಇರಲಿ: ಈ ಹಾಡಿನಿಂದ ಬಂದ ಹಣ ಎಷ್ಟು, ಹಾಡಿದವರಿಗೆ ಸಂದದ್ದು ಎಷ್ಟು. ಆ ಒಂದು ಸಾಲು ಬರೆದ ದಿನ ಅದು ಕೀರ್ತಿಮಂದಿರ ಆಗುತ್ತದೆ. ಅಲ್ಲಿಯವರೆಗೆ ಅದು ಗಾಜಿನ ಗೋದಾಮು.

ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮ ಊರಿನಲ್ಲೂ ಸನ್ಮಾನಗಳು ನಡೆಯುತ್ತವೆ. ಮುಂದಿನ ಸಲ ಹೋದಾಗ ಚಪ್ಪಾಳೆಗೆ ಮೊದಲು ಎದ್ದು ನಿಂತು ಎರಡು ಮಾತು ಕೇಳಿ. ಇವರನ್ನು ಆರಿಸಿದವರು ಯಾರು? ಇವರ ಕೂಲಿ ಕೊಟ್ಟಿದ್ದೀರಾ? ಉತ್ತರ ಬಂದ ಮೇಲೆ ಚಪ್ಪಾಳೆ ತಟ್ಟಿ. ಜೋರಾಗಿ ತಟ್ಟಿ.